ಕೆರೆಯಂಗಳದಲ್ಲಿ ಚೆಂಡು

ಬೆಂಗಳೂರಿನ ಮೈದಾನಗಳ ಚರಿತ್ರೆ ಬೇಕಾದವರು ಮೊದಲು ಕೆರೆಗಳ ಹೆಸರು ಕೇಳಬೇಕು. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಒಡಲಲ್ಲಿ. ಹಾಕಿ ಕ್ರೀಡಾಂಗಣದ ಜಾಗ ಒಂದು ಕಾಲಕ್ಕೆ ಅಕ್ಕಿತಿಮ್ಮನಹಳ್ಳಿ ಕೆರೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಅಡಿಯಲ್ಲಿರುವುದು ಶೂಲೆ ಕೆರೆ. ಪಶ್ಚಿಮದ ಕಡೆಗೆ ಬಂದರೆ ರಾಮಶೆಟ್ಟಿಪಾಳ್ಯದ ಕೆರೆ ಮಿಲ್ಕ್ ಕಾಲೊನಿಯ ಆಟದ ಬಯಲಾಯಿತು, ಒಡ್ಡರಪಾಳ್ಯದ ಕೆರೆ ರಾಜಾಜಿನಗರದ ಕೈಗಾರಿಕಾ ಪ್ರದೇಶದೊಳಗೆ ಕರಗಿಹೋಯಿತು. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯಕ್ಕೂ ಒಂದು ಕೆರೆಯಿತ್ತು. ನಗರ ಕಳೆದುಕೊಂಡ ಕೆರೆಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಬರೆದಿರುವುದು ಇಷ್ಟೇ: ಆಟದ ಮೈದಾನ.

ಕೆರೆ ಹೋದದ್ದು ನಷ್ಟ; ಅದನ್ನು ಮರೆಮಾಚಬೇಕಾಗಿಲ್ಲ. ವೃಷಭಾವತಿ ಕಣಿವೆಯ ಇಳಿಜಾರಿನಲ್ಲಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುತ್ತಿದ್ದ ಕೆರೆಗಳ ಸರಪಳಿ ಅಲ್ಲಿ ತುಂಡಾಯಿತು. ಆದರೆ ಲೇತ್, ಪ್ರೆಸ್, ಪ್ಲೇಟಿಂಗ್ ಶೆಡ್ಡುಗಳು ಒಂದಕ್ಕೊಂದು ಅಂಟಿಕೊಂಡಿರುವ ಇಂಥ ಬಡಾವಣೆಯಲ್ಲಿ ಒಂದು ಬಯಲು ಉಳಿಯುವುದೆಂದರೆ ಏನೆಂದು ಅಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಗೊತ್ತು. ಕೆಂಪೇಗೌಡರ ವಂಶದವರು 1638ರಲ್ಲಿ ಬೆಂಗಳೂರು ಕೈತಪ್ಪಿದ ಮೇಲೆ ನೆಲೆಮಾಡಿಕೊಂಡ ಮಾಗಡಿಗೆ ಹೋಗುವ ದಾರಿಯಿದು. ಸುಂಕದಕಟ್ಟೆ, ಪಟ್ಟೆಗಾರಪಾಳ್ಯ, ಅಗ್ರಹಾರ ದಾಸರಹಳ್ಳಿ ಎಂದು ಸುತ್ತಲಿನ ಹೆಸರುಗಳೇ ಹಳೆಯ ಕಸುಬು, ಹಳೆಯ ವಹಿವಾಟನ್ನು ಹೇಳುತ್ತವೆ. ಆ ಊರುಗಳ ಮೇಲೆ ಸ್ವಾತಂತ್ರ್ಯಾನಂತರ ಕಾರ್ಖಾನೆಗಳ ಪಶ್ಚಿಮ ಬೆಂಗಳೂರು ಬಂದು ಕೂತಿತು.

ಇದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಸುಮನಹಳ್ಳಿ ಇದೆ. ಹೊರವರ್ತುಲ ರಸ್ತೆಯ ಮೇಲ್ಸೇತುವೆಯಿಂದಾಗಿ ಆ ಹೆಸರನ್ನು ಈಗ ವಾಹನ ಓಡಿಸುವವರೆಲ್ಲ ಬಲ್ಲರು. ಹೆಸರು ಬಂದದ್ದು ಮಾತ್ರ ಬೇರೆ ಕಡೆಯಿಂದ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರ ನೇತೃತ್ವದಲ್ಲಿ, ಸರ್ಕಾರ ಕೊಟ್ಟ ನೆಲದಲ್ಲಿ, ಕುಷ್ಠರೋಗಿಗಳ ಪುನರ್ವಸತಿಗಾಗಿ ಸುಮನಹಳ್ಳಿ ಸಂಸ್ಥೆ ಆರಂಭವಾಯಿತು. ಅದರ ನೆರೆಯಲ್ಲೇ ಭಿಕ್ಷುಕರ ಕಾಲೊನಿ ಎಂದು ಜನ ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರ. ಊರು ತನ್ನ ಕಣ್ಣೆದುರು ಇಟ್ಟುಕೊಳ್ಳಲು ಒಲ್ಲದ ದೇಹಗಳನ್ನೆಲ್ಲ ಒಂದು ಕಾಲದಲ್ಲಿ ಮಾಗಡಿ ರಸ್ತೆಯ ಅಂಚಿಗೆ ಕಳಿಸುತ್ತಿತ್ತು. ಊರು ಬೆಳೆದು ಅಂಚು ನಡುವಾಯಿತು. ಒಂದು ಕಡೆ ಆಡುವ ಬಯಲು, ಇನ್ನೊಂದು ಕಡೆ ಸೆಟೆದ ಬೆರಳಿಗೆ, ಸೋತ ಕಾಲಿಗೆ ಮತ್ತೆ ಚಲನೆ ಕಲಿಸುವ ಮನೆ. ಆಟ ಮತ್ತು ಆರೈಕೆ ಎಂಬ ಎರಡು ಕಸುಬುಗಳು ಒಂದೇ ರಸ್ತೆಯಲ್ಲಿ ಬೆಳೆದವು.

ಈ ಎರಡೂ ಮೂಲದಲ್ಲಿ ಒಂದೇ ಕಸುಬು.

ಅದಕ್ಕೆ ಸಾಕ್ಷಿ ಬೇಕಾದರೆ ಗರಡಿ ಮನೆಗೆ ಹೋಗಬೇಕು. ಹಳೆಯ ಮೈಸೂರು ಸೀಮೆಯಲ್ಲಿ, ಬೆಂಗಳೂರಿನ ಪೇಟೆಗಳಲ್ಲೂ, ಉಸ್ತಾದ್ ಅನ್ನಿಸಿಕೊಂಡವರು ಅಖಾಡದಿಂದ ನಿವೃತ್ತರಾದ ಪೈಲ್ವಾನರೇ. ಕುಸ್ತಿ ಹಿಡಿಯುವ ವಯಸ್ಸು ಮುಗಿದ ಮೇಲೆ ಅವರಿಗೆ ಎರಡು ಕೆಲಸ ಉಳಿಯುತ್ತಿದ್ದವು: ಹುಡುಗರಿಗೆ ಪಟ್ಟು ಕಲಿಸುವುದು, ಓಣಿಯ ಜನರ ಉಳುಕು ತೆಗೆಯುವುದು. ಆಡುವಾಗ ಬಿದ್ದು ಮೊಣಕೈ ಊದಿಸಿಕೊಂಡ ಮಗುವನ್ನು ತಾಯಿ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಡಾಕ್ಟರ ಬಳಿಗಲ್ಲ, ಗರಡಿಗೆ. ಉಸ್ತಾದರು ಎಣ್ಣೆ ಹಚ್ಚಿ ನೀವುತ್ತ, ಮಗುವಿನ ಜತೆ ಏನೋ ಮಾತು ತೆಗೆದು, ಅದು ಮೈಮರೆತ ಕ್ಷಣದಲ್ಲಿ ಕೀಲನ್ನು ಕೂರಿಸುತ್ತಿದ್ದರು. ಎಷ್ಟೋ ಸಾವಿರ ಸಲ ತನ್ನದೇ ಮೈಯನ್ನು ನೆಲಕ್ಕೆ ಕೆಡವಿಸಿಕೊಂಡವನ ಬೆರಳಿಗೆ ಸ್ನಾಯುವಿನ ಬಿಗಿ ಸಡಿಲ ತಿಳಿಯುತ್ತದೆ. ಆಡಿದವನ ಎರಡನೆಯ ಕಸುಬು ಮಕ್ಕಳ ಮೈಯ ಆರೈಕೆ ಎಂಬುದು ನಮ್ಮ ಓಣಿಗಳಿಗೆ ಹೊಸದಲ್ಲ.

ಗರಡಿಗಿಂತ ಹಿಂದಿನದು ಬಾಣಂತಿ ಕೋಣೆಯ ಜ್ಞಾನ. ಚಾಚಿದ ಕಾಲಿನ ಮೇಲೆ ಹಸುಗೂಸನ್ನು ಮಲಗಿಸಿಕೊಂಡು ಎಣ್ಣೆ ಒತ್ತಿ ನೀರು ಹಾಕುವ ಅಜ್ಜಿಯ ಅಂಗೈ ನೂರು ಮಕ್ಕಳ ಮೈ ಮುಟ್ಟಿರುತ್ತದೆ. ಎತ್ತಿದಾಗ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುವ ಮಗು, ಮುಷ್ಟಿ ಬಿಚ್ಚದ ಮಗು, ಕತ್ತು ನಿಲ್ಲದ ಮಗು ಬೇರೆ ಎಂದು ಮೊದಲು ತಿಳಿಯುವುದು ಆ ಅಂಗೈಗೇ. ಇಂದಿನ ಪುಸ್ತಕಗಳು ಸೆರೆಬ್ರಲ್ ಪಾಲ್ಸಿಯ ಆರಂಭಿಕ ಲಕ್ಷಣಗಳೆಂದು ಬರೆಯುವುದೂ ಇವನ್ನೇ.

ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೆರೆಬ್ರಲ್ ಪಾಲ್ಸಿ ಉಳುಕಲ್ಲ. ಅದು ಬೆಳೆಯುತ್ತಿರುವ ಮಿದುಳಿಗೆ ಆದ ಪೆಟ್ಟು. ಎಳೆದು ಕೂರಿಸಲು ಅಲ್ಲಿ ಜಾರಿದ ಕೀಲೇ ಇಲ್ಲ. ಬಿಗಿ ಪಟ್ಟಿ ಕಟ್ಟಿಸಿಕೊಂಡು ರಕ್ತ ಸಂಚಾರ ನಿಂತು ಕೈಕಾಲು ಕಳೆದುಕೊಂಡ ಮಕ್ಕಳನ್ನು ಮೂಳೆ ವೈದ್ಯರು ಈಗಲೂ ಕಾಣುತ್ತಾರೆ. ಗರಡಿಯ ಕೈಗುಣವನ್ನು ಗೌರವಿಸುವುದು ಒಂದು, ಅದಕ್ಕೆ ಎಲ್ಲವನ್ನೂ ಒಪ್ಪಿಸುವುದು ಇನ್ನೊಂದು.

ಪಶ್ಚಿಮ ದೇಶಗಳಲ್ಲೂ ಈ ಕಸುಬು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಆಟದಂಗಳದಲ್ಲೇ. ಫಿಸಿಯೋಥೆರಪಿಯ ಹಿರಿಯರಲ್ಲಿ ಮೊದಲು ಹೆಸರಿಸುವ ಪರ್ ಹೆನ್ರಿಕ್ ಲಿಂಗ್ ಸ್ವೀಡನ್ನಿನ ಕತ್ತಿವರಸೆಯ ಗುರು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಆತ ತೆರೆದದ್ದು ಅಂಗಸಾಧನೆಯ ಸಂಸ್ಥೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಬರ್ಟಾ ಬೊಬಾತ್ ಬರ್ಲಿನ್ನಿನಲ್ಲಿ ಕಲಿತದ್ದೂ ಅಂಗಸಾಧನೆಯನ್ನೇ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಲಂಡನ್ನಿಗೆ ಬಂದು, ವೈದ್ಯರಾಗಿದ್ದ ಪತಿ ಕರೆಲ್ ಜತೆ ಸೇರಿ ಅವರು ರೂಪಿಸಿದ ಪದ್ಧತಿಯ ಹೆಸರು ಇಂದು ಬೆಂಗಳೂರಿನ ಥೆರಪಿ ಕೇಂದ್ರಗಳ ಬೋರ್ಡುಗಳ ಮೇಲೂ ಕಾಣುತ್ತದೆ. ಮಗುವಿನ ಬಿಗಿದ ಕಾಲನ್ನು ಬಲವಂತದಿಂದ ಎಳೆಯಬೇಡಿ, ಸೊಂಟ ಮತ್ತು ಹೆಗಲನ್ನು ಹಿಡಿದು ಸರಿಯಾದ ಚಲನೆಯ ಅನುಭವ ಕೊಡಿ ಎಂಬುದು ಆ ಪದ್ಧತಿಯ ತಿರುಳು. ಚಲನೆಯನ್ನು ಒಳಗಿನಿಂದ ಬಲ್ಲವರಿಗಷ್ಟೇ ಹೊಳೆಯಬಹುದಾದ ಮಾತದು.

ಆಟ ಮತ್ತು ಆರೈಕೆಯ ಚರಿತ್ರೆಯಲ್ಲಿ ಒಂದು ವಾರ ಬಹಳ ಸೋಜಿಗದ್ದು. 1948ರ ಜುಲೈ 29. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಡಾಕ್ಟರ್ ಲುಡ್ವಿಗ್ ಗಟ್‌ಮನ್, ಬೆನ್ನುಹುರಿ ಮುರಿದ 16 ಮಂದಿ ಮಾಜಿ ಯೋಧರಿಗೆ ಗಾಲಿಕುರ್ಚಿಯಲ್ಲಿ ಕೂತೇ ಬಿಲ್ಲುಗಾರಿಕೆಯ ಸ್ಪರ್ಧೆ ಏರ್ಪಡಿಸಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಬೀಜದಿಂದ. ಎರಡು ದಿನ ಕಳೆದು, ಜುಲೈ 31ರಂದು, ಇಲ್‌ಫರ್ಡಿನ ಮೈದಾನದಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಇಳಿಯಿತು. ಬಹುಮಂದಿ ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿದವು. 2–1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಬೆಂಗಳೂರಿನವರೇ ಆದ ಅಹಮದ್ ಖಾನ್, ಧನರಾಜ್ ಮೊದಲಾದವರೂ ಆ ತಂಡದಲ್ಲಿದ್ದರು.

ತಂಡದ ನಾಯಕ ತಾಲಿಮೆರೆನ್ ಆವೊ. ನಾಗಾ ಬೆಟ್ಟದ ಪಾದ್ರಿಯೊಬ್ಬರ ಮಗ, ಕಲ್ಕತ್ತದಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ. ಮಗ ಡಾಕ್ಟರಾಗಿ ತಮ್ಮ ಜನರ ನಡುವೆ ಕೆಲಸ ಮಾಡಬೇಕೆಂಬುದು ತಂದೆಯ ಆಸೆಯಾಗಿತ್ತು. ಮೋಹನ್ ಬಾಗಾನಿನ ರಕ್ಷಣೆಯ ಗೋಡೆಯಾಗಿದ್ದುಕೊಂಡೇ ಆವೊ ಓದು ಮುಗಿಸಿದರು. ಆಮೇಲೆ ಆಟವನ್ನು ಹಿಂದೆ ಬಿಟ್ಟು ಈಶಾನ್ಯಕ್ಕೆ ಮರಳಿ ವೈದ್ಯರಾಗಿ ದುಡಿದರು, ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಮೈದಾನದಿಂದ ಆರೈಕೆಗೆ ಹೋದ ಭಾರತದ ಫುಟ್‌ಬಾಲ್ ಆಟಗಾರರಲ್ಲಿ ಅವರಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ನಮ್ಮ ಕಾಲದಲ್ಲಿ ಅಫ್ಘಾನಿಸ್ತಾನದಿಂದ ನಿರಾಶ್ರಿತಳಾಗಿ ಬಂದು ಡೆನ್ಮಾರ್ಕಿಗೆ ಆಡಿದ ನಾದಿಯಾ ನದೀಮ್, ಆಡುತ್ತಲೇ ಓದಿ ವೈದ್ಯೆಯಾದದ್ದು ಅದೇ ಹಾದಿ.

ಹಾಗಾದರೆ ಬೆಂಗಳೂರಿನ ಆಟಗಾರರು ಎಲ್ಲಿಗೆ ಹೋದರು?

ಈ ಊರಿನ ಫುಟ್‌ಬಾಲ್ ಸಾಮಾನ್ಯದ್ದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು 1891ರಿಂದಲೂ ಬ್ರಿಟಿಷ್ ಸೇನೆಯ ತಂಡಗಳೇ ಒಯ್ಯುತ್ತಿದ್ದವು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ; ಮರುವರ್ಷ ಮತ್ತೆ ಗೆದ್ದರು. 1946–47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ತಂದಿತು, 1952–53ರಲ್ಲಿ ಇನ್ನೊಮ್ಮೆ, 1967–68 ಮತ್ತು 1968–69ರಲ್ಲಿ ಬೆನ್ನುಬೆನ್ನಿಗೆ. ಆಟದ ಮನೆ ದಂಡಿನ ಕಡೆಯಿತ್ತು: ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ. ಪಶ್ಚಿಮದ ಬಡಾವಣೆಗಳಿಗೆ ಅದು ತಡವಾಗಿ ಬಂದ ನೆಂಟ.

ಆ ಆಟಗಾರರಿಗೆ 'ಆಮೇಲೇನು' ಎಂಬ ಪ್ರಶ್ನೆಗೆ ಉತ್ತರವನ್ನು ಕಾರ್ಖಾನೆಗಳು ಮೊದಲೇ ಕೊಟ್ಟಿದ್ದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಚೆನ್ನಾಗಿ ಆಡುವ ಹುಡುಗನನ್ನು ನೌಕರಿಗೆ ತೆಗೆದುಕೊಂಡು ಟೀಮಿಗೆ ಇಳಿಸುವುದು ರೂಢಿಯಾಯಿತು. ಬೆಳಗ್ಗೆ ಪ್ರಾಕ್ಟೀಸ್, ಆಮೇಲೆ ಹಾಜರಿ, ಸೀಸನ್ನಿನಲ್ಲಿ ಡ್ಯೂಟಿಯಿಂದ ವಿನಾಯಿತಿ. ಮೊಣಕಾಲು ಸೋತ ದಿನ ಬೂಟು ಕಳಚಿಟ್ಟು ಶಾಪ್ ಫ್ಲೋರಿಗೋ ಸ್ಟೋರ್ಸ್ ವಿಭಾಗಕ್ಕೋ ಹೋದರಾಯಿತು. ಸಂಬಳ, ಕ್ವಾರ್ಟರ್ಸ್, ಪಿಂಚಣಿ ಹಾಗೆಯೇ ಮುಂದುವರಿಯುತ್ತಿದ್ದವು. 1977ರಲ್ಲಿ ಮೊದಲ ಸಲ ನಡೆದ ಫೆಡರೇಷನ್ ಕಪ್ಪಿನ ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿದ್ದು ಟೆಲಿಫೋನ್ ಮಾಡುವ ಕಾರ್ಖಾನೆಯ ತಂಡ, ಐಟಿಐ. ಈ ವ್ಯವಸ್ಥೆಯ ಬಗ್ಗೆ ಕೆಲವರು ಹಗುರವಾಗಿ ಮಾತಾಡುವುದುಂಟು, ಅದು ಆಟಗಾರರನ್ನು ಗುಮಾಸ್ತರನ್ನಾಗಿ ಮಾಡಿತು ಎಂದು. ಆದರೆ ಒಂದು ತಲೆಮಾರಿನ ಆಟಗಾರರ ಮಕ್ಕಳು ಓದಿ ಮುಂದೆ ಬಂದದ್ದು ಆ ಗುಮಾಸ್ತಿಕೆಯ ಸಂಬಳದಿಂದ.

ಆ ನೆರಳು ಸರಿದುಹೋಯಿತು. ಕಾರ್ಖಾನೆಗಳೇ ಬಡವಾದವು, ಕೆಲವು ಮುಚ್ಚಿದವು. ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಕೊನೆಯವರೆಗೆ ಉಳಿದಿದ್ದ ಎಚ್‌ಎಎಲ್ 2012ರಲ್ಲಿ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿತು. ಶೂಲೆ ಕೆರೆಯ ಮೇಲಿನ ಅದೇ ಹಳೆಯ ಕ್ರೀಡಾಂಗಣದಲ್ಲಿ ಆಡಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಆಟ ಬೆಳಗಿತು. ಆದರೆ ಆಟಗಾರ ಈಗ ನೌಕರನಲ್ಲ, ಕರಾರುದಾರ. ಮೂವತ್ಮೂರು, ಮೂವತ್ನಾಲ್ಕರಲ್ಲಿ ಕರಾರು ಮುಗಿದರೆ ಮುಂದೆ ಮೂವತ್ತು ವರ್ಷದ ದುಡಿಮೆಯ ಬದುಕು ಖಾಲಿ ಬಿದ್ದಿರುತ್ತದೆ. ಕೋಚಿಂಗ್ ಲೈಸೆನ್ಸ್ ಪಡೆದು ನಿಲ್ಲುವವರು ಸ್ವಲ್ಪ ಜನ. ಬೆಂಗಳೂರಿನ ಮಗ, ಭಾರತ ತಂಡದ ನಾಯಕರಾಗಿದ್ದ ಕಾರ್ಲ್‌ಟನ್ ಚಾಪ್‌ಮನ್ ಕೂಡ ಆಟ ಬಿಟ್ಟ ಮೇಲೆ ಕೋಚಿಂಗಿನಲ್ಲೇ ಬದುಕು ಕಳೆದರು. 2020ರ ಅಕ್ಟೋಬರಿನಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಎಲ್ಲರಿಗೂ ಕೋಚ್ ಕುರ್ಚಿ ಇಲ್ಲ.

ಆರೈಕೆಯ ಕಸುಬು ಅಷ್ಟರಲ್ಲಿ ತನ್ನದೇ ದಾರಿಯಲ್ಲಿ ಬೆಳೆದಿತ್ತು. ಅದನ್ನು ಬೆಳೆಸಿದ್ದು ಪೋಲಿಯೊ. 1950ರಲ್ಲಿ ಕಮಲಾ ನಿಂಬಕರ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಏಷ್ಯಾದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಕೆಲವೇ ವರ್ಷದಲ್ಲಿ, ಪೋಲಿಯೊ ಹಾವಳಿಯ ಬೆನ್ನಿಗೆ, ಫಿಸಿಯೋಥೆರಪಿ ಶಾಲೆಯೂ ಅಲ್ಲೇ ಬಂತು. ಬೆಂಗಳೂರಿನಲ್ಲಿ 1959ರಲ್ಲಿ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಆರಂಭಿಸಿದರು. 1960ರ ದಶಕದಲ್ಲಿ ಮೈಸೂರಿಗೆ ವಾಕ್ ಶ್ರವಣ ಸಂಸ್ಥೆ ಬಂತು. 1974ರಲ್ಲಿ ನಿಮ್ಹಾನ್ಸ್ ಆಯಿತು. 1980ರ ದಶಕದ ಆರಂಭದಲ್ಲಿ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಪಶ್ಚಿಮದ ಕಾರ್ಮಿಕರ ಮಕ್ಕಳಿಗೂ ಬಾಗಿಲು ತೆರೆದಿತ್ತು. ಆದರೂ ಒಟ್ಟಾರೆ ನೋಡಿದರೆ ಮಕ್ಕಳ ಥೆರಪಿಯ ದೊಡ್ಡ ಹೆಸರುಗಳು ಹೆಚ್ಚಾಗಿ ಪೂರ್ವಕ್ಕೂ ದಕ್ಷಿಣಕ್ಕೂ ಹೋದವು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿಯೊಬ್ಬಳು ನಡೆಯಲಾರದ ಮಗುವನ್ನು ಸೊಂಟದ ಮೇಲಿಟ್ಟು ಎರಡು ಬಸ್ಸು ಬದಲಿಸಬೇಕು, ಅರ್ಧ ದಿನದ ಸಂಬಳ ಬಿಡಬೇಕು. ವಾರಕ್ಕೆ ಮೂರು ಸಲ ಬರಬೇಕಾದ ಮಗು ತಿಂಗಳಿಗೊಮ್ಮೆ ಬರುವುದಕ್ಕೆ, ಕೊನೆಗೆ ಬಾರದೇ ಇರುವುದಕ್ಕೆ, ತಾಯಿಯ ಅಸಡ್ಡೆ ಕಾರಣವಲ್ಲ.

ಪೋಲಿಯೊ ಹೋಯಿತು. ದೇಶದ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಕ್ಯಾಲಿಪರ್ ಹಾಕಿದ ಮಕ್ಕಳ ಜಾಗದಲ್ಲಿ ಈಗ ಥೆರಪಿ ಕೋಣೆಯ ಮುಂದೆ ಕೂರುವವರು ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಬೆಳವಣಿಗೆಯ ತೊಡಕುಗಳಿರುವ ಮಕ್ಕಳು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು. 2016ರ ಕಾಯ್ದೆ 21ನ್ನು ಗುರುತಿಸಿತು, ಆಟಿಸಂ ಆ ಪಟ್ಟಿಗೆ ಸೇರಿತು. ರೋಗ ಬದಲಾದಂತೆ ಕಸುಬೂ ಬದಲಾಯಿತು. ಸೋತ ಸ್ನಾಯುವಿಗೆ ಬಲ ತುಂಬುವುದಷ್ಟೇ ಈಗ ಸಾಲದು. ಸರದಿ ಕಾಯುವುದು, ಎದುರಿನವನ ಕಣ್ಣು ನೋಡುವುದು, ಗದ್ದಲ ತಾಳಿಕೊಳ್ಳುವುದು, ಮೈ ಎಲ್ಲಿದೆ ಎಂದು ಮೈಗೇ ತಿಳಿಯುವುದು, ಇವೆಲ್ಲ ಥೆರಪಿಯ ಪಾಠಗಳಾದವು. ಅಮೆರಿಕದ ಜೀನ್ ಏರ್ಸ್ ರೂಪಿಸಿದ ಸೆನ್ಸರಿ ಇಂಟಿಗ್ರೇಷನ್ ಸಿದ್ಧಾಂತ ಈ ಬಗೆಯ ಕೆಲಸಕ್ಕೆ ಭಾಷೆ ಕೊಟ್ಟಿತು. ಉಯ್ಯಾಲೆ, ದಪ್ಪ ಚೆಂಡು, ಮೆತ್ತನೆ ಹಾಸು ಕ್ಲಿನಿಕ್ಕಿನೊಳಗೆ ಬಂದವು. ಅಂಗಳದಲ್ಲಿ ಪುಕ್ಕಟೆ ಸಿಗುತ್ತಿದ್ದ ಆಟವನ್ನು ಗಂಟೆ ಲೆಕ್ಕದಲ್ಲಿ ಕೊಳ್ಳುವ ಕಾಲ ಬಂದದ್ದೂ ಆಗಲೇ.

ಚೆಂಡು ಅಲ್ಲಿ ಬರೀ ಆಮಿಷವಲ್ಲ. ಚೆಂಡನ್ನು ಒದೆಯಲು ಮಗು ಒಂದು ಕಾಲಿನ ಮೇಲೆ ನಿಲ್ಲಬೇಕು, ಅರೆ ಕ್ಷಣವಾದರೂ. ನಿಲ್ಲಲು ಸೊಂಟ ಗಟ್ಟಿಯಾಗಬೇಕು. ಎಡಗಡೆಯಿಂದ ಬಂದ ಚೆಂಡನ್ನು ಬಲಗಾಲಿನಿಂದ ತಡೆಯಲು ಕಾಲು ದೇಹದ ನಡುಗೆರೆಯನ್ನು ದಾಟಬೇಕು. ಮಿದುಳಿನ ಎರಡು ಪಾಲುಗಳು ಮಾತಾಡಿಕೊಳ್ಳಬೇಕು. ಚೆಂಡು ಎಲ್ಲಿಗೆ ತಲುಪುತ್ತದೆಂದು ಕಣ್ಣು ಮೊದಲೇ ಲೆಕ್ಕ ಹಾಕಬೇಕು. ಇವನ್ನೆಲ್ಲ ಬೇರೆ ಬೇರೆಯಾಗಿ ಹೇಳಿಕೊಟ್ಟರೆ ಮಗುವಿಗೆ ಬೇಸರ, ತಾಯಿಗೆ ಸುಸ್ತು. ಚೆಂಡು ಒಂದೇ ಉರುಳಿಗೆ ಎಲ್ಲವನ್ನೂ ಕೇಳುತ್ತದೆ. ಇಪ್ಪತ್ತು ವರ್ಷ ಆಡಿದವನಿಗೆ ಇದು ವಿವರಿಸಬೇಕಾದ ಸಂಗತಿಯೇ ಅಲ್ಲ. ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಎಂದು ಒಂದು ನೋಟಕ್ಕೆ ಹೇಳುವ ಕಣ್ಣು, ಮಗು ಯಾವ ಕಾಲನ್ನು ನಂಬುತ್ತಿಲ್ಲ ಎಂಬುದನ್ನೂ ಹೇಳಬಲ್ಲದು. ಲಿಗಮೆಂಟ್ ಹರಿದುಕೊಂಡು ತಿಂಗಳುಗಟ್ಟಲೆ ಗೋಡೆ ಹಿಡಿದು ನಡೆಯಲು ಮತ್ತೆ ಕಲಿತವನಿಗೆ, ಮೊದಲ ಹೆಜ್ಜೆಯ ಭಯವೂ ಗೊತ್ತು.

ಜಗತ್ತು ಇದನ್ನು ಅರಿತು ಆಟದ ನಿಯಮಗಳನ್ನೇ ಬಾಗಿಸಿತು. ಸೆರೆಬ್ರಲ್ ಪಾಲ್ಸಿ ಇರುವವರ ಫುಟ್‌ಬಾಲಿನಲ್ಲಿ ತಂಡಕ್ಕೆ ಏಳು ಮಂದಿ, ಆಫ್‌ಸೈಡ್ ಇಲ್ಲ. ಗೆರೆ ದಾಟಿದ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಎಸೆಯಲಾಗದವರು ಒಂದೇ ಕೈಯಲ್ಲಿ ಉರುಳಿಸಬಹುದು. 1984ರಿಂದ 2016ರವರೆಗೆ ಅದು ಪ್ಯಾರಾಲಿಂಪಿಕ್ಸಿನಲ್ಲಿತ್ತು. ಕಣ್ಣು ಕಾಣದವರ ಆಟದಲ್ಲಿ ಚೆಂಡಿನೊಳಗೆ ಗೆಜ್ಜೆಯಂತೆ ಸದ್ದು ಮಾಡುವ ಗುಂಡು. 1968ರಲ್ಲಿ ಶಿಕಾಗೊದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್ ಆಮೇಲೆ ಬೌದ್ಧಿಕ ತೊಡಕಿರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಪದ್ಧತಿ ತಂದಿತು. ಬೆಂಗಳೂರಿನಲ್ಲೇ 1999ರಲ್ಲಿ ಹುಟ್ಟಿದ ಡ್ರೀಮ್ ಎ ಡ್ರೀಮ್ ಸಂಸ್ಥೆ ಕಷ್ಟದ ಹಿನ್ನೆಲೆಯ ಮಕ್ಕಳಿಗೆ ಜೀವನ ಕೌಶಲ ಕಲಿಸಲು ಕೈಗೆತ್ತಿಕೊಂಡ ಸಾಧನಗಳಲ್ಲಿ ಫುಟ್‌ಬಾಲೂ ಒಂದು.

ಆಟಗಾರನಿಗೂ ಥೆರಪಿ ಕೋಣೆಗೂ ನಡುವೆ ನಿಂತಿರುವುದು ಓದು. ಫಿಸಿಯೋಥೆರಪಿಯ ಬಿಪಿಟಿ ಅಥವಾ ಆಕ್ಯುಪೇಷನಲ್ ಥೆರಪಿಯ ಬಿಒಟಿ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು, ಇಂಟರ್ನ್‌ಶಿಪ್ ಸೇರಿ ಹಲವು ವರ್ಷ ಬೇಕು. ಹದಿನಾಲ್ಕಕ್ಕೇ ಅಕಾಡೆಮಿ ಸೇರಿ, ಪರೀಕ್ಷೆ ಮತ್ತು ಟೂರ್ನಮೆಂಟ್ ಒಂದೇ ವಾರ ಬಂದಾಗ ಟೂರ್ನಮೆಂಟಿಗೆ ಹೋದ ಹುಡುಗ ಮೂವತ್ತೈದರಲ್ಲಿ ಇದನ್ನು ಹೇಗೆ ದಾಟಬೇಕು? ಮಕ್ಕಳ ಚಿಕಿತ್ಸೆಯಲ್ಲಿ ಅರ್ಹತೆಯನ್ನು ಸಡಿಲಿಸುವುದು ಸಲ್ಲದು; 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಈ ಕಸುಬುಗಳನ್ನು ಕಟ್ಟುನಿಟ್ಟಿನ ಚೌಕಟ್ಟಿಗೆ ತಂದದ್ದು ಒಳ್ಳೆಯದೇ. ಆದರೆ ಥೆರಪಿಸ್ಟ್ ಕಾರ್ಯಕ್ರಮ ಬರೆದು, ಆಟಗಾರ ಅದನ್ನು ಬಯಲಿನಲ್ಲಿ ಆಡಿಸುವ ಜೋಡಿ ಕೆಲಸಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ವಿಶೇಷ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾಗಳೂ ಇವೆ. ಐಟಿಐ, ಎಚ್‌ಎಎಲ್‌ಗಳು ಒಂದು ಕಾಲಕ್ಕೆ ಆಟಗಾರನಿಗೆ ಲೇತ್ ಕಲಿಸಿದ ಹಾಗೆ ಇಂದಿನ ಕ್ಲಬ್ಬುಗಳು ತಮ್ಮ ಹುಡುಗರನ್ನು ಆಡುವಾಗಲೇ ಈ ಓದಿಗೆ ಸೇರಿಸಬಹುದು.

ಜೋಡಿ ಕೆಲಸ ಬಯಲಿನಲ್ಲಿ ನಡೆಯುವುದು ಹೀಗೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಪೂರ್ತಿ ಗಾಳಿ ತುಂಬಿದ ಚೆಂಡು ಕೊಡಬಾರದು. ಅದು ಮುಟ್ಟಿದರೆ ಸಾಕು ಓಡಿಹೋಗುತ್ತದೆ, ಹಿಂದೆ ಓಡಲಾಗದ ಮಗು ಆಟವನ್ನೇ ಬಿಟ್ಟುಬಿಡುತ್ತದೆ. ಅರ್ಧ ಗಾಳಿ ಇಳಿಸಬೇಕು. ಎಣ್ಣೆನೀರಿನ ಅಜ್ಜಿ ಹಿಡಿಯುತ್ತಿದ್ದ ಹಾಗೆ, ಬೊಬಾತ್ ಹೇಳಿದ ಹಾಗೆ, ಥೆರಪಿಸ್ಟ್ ಹಿಂದಿನಿಂದ ಮಗುವಿನ ಸೊಂಟಕ್ಕೆ ಎರಡು ಅಂಗೈ ಆನಿಸಿ ಕೂರುತ್ತಾರೆ. ಆಟಗಾರ ನಾಲ್ಕು ಮಾರು ದೂರದಲ್ಲಿ ಮೊಣಕಾಲೂರಿ, ಪಾದದ ಒಳಬದಿಯನ್ನೂ ಬಳಸದೆ, ಕೈಯಿಂದಲೇ ಚೆಂಡನ್ನು ಉರುಳಿಸುತ್ತಾನೆ. ಮಗುವಿನ ಬಲಗಾಲು ಏಳುತ್ತದೆ, ಎಡಗಾಲು ನಡುಗುತ್ತದೆ, ಸೊಂಟದ ಮೇಲಿನ ಅಂಗೈಗಳು ಒಂದಿಷ್ಟು ಸಡಿಲವಾಗುತ್ತವೆ. ಚೆಂಡು ನಿಧಾನವಾಗಿ ಬಂದು ಪಾದದ ಕೆಳಗೆ ನಿಲ್ಲುತ್ತದೆ. ಇಬ್ಬರೂ ಒಟ್ಟಿಗೆ ಎಣಿಸುತ್ತಾರೆ: ಒಂದು, ಎರಡು.